ಅಪ್ಪ ಎತ್ತಿದ ಕೈ ಮತ್ತು ನಿಮ್ಮ ಪ್ರಶಸ್ತಿ

ಜೀವನಚಿತ್ರ ಪ್ರಶಸ್ತಿ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

'ಕನ್ನಡಿ ಸುಳ್ಳು ಹೇಳದು, ಎಡಬಲವನ್ನಷ್ಟೇ ಅದಲುಬದಲು ಮಾಡುವುದು' ಎಂಬಂಥ ಸಾಲೊಂದನ್ನು ಕಾಲೇಜಿನ ದಿನಗಳಲ್ಲಿ ಎಲ್ಲೋ ಓದಿದ್ದೆ. ಸರಿಯಾಗಿ ನೆನಪಿಲ್ಲ. ಆಗ ತಲೆದೂಗಿದ್ದೆ, ಈಗ ಅನುಮಾನ. ಎಡಬಲ 'ಅಷ್ಟೇ' ಎಂದರೇನು? ಬಂದರಿನಲ್ಲಿ ಕ್ರೇನಿನ ಕೆಳಗೆ ನಿಂತವನಿಗೆ ಎಡಬಲ ತಪ್ಪಿದರೆ ಮೇಲಿನಿಂದ ಇಳಿಯುವ ಸರಕು ಅವನ ಕ್ಷಮೆ ಕೇಳಿಕೊಂಡು ಇಳಿಯುವುದಿಲ್ಲ. ಈ ಸಲ ತಾವು 'ಅತ್ಯಂತ ಸತ್ಯನಿಷ್ಠ ಜೀವನಚಿತ್ರ' ಎಂದು ಆರಿಸಿರುವುದು ನನ್ನ ಅಮ್ಮನ ಕಥೆಯನ್ನು. ಅದರಲ್ಲಿ ಹೆಂಡತಿಯನ್ನು ಹೊಡೆಯುವ ಗಂಡ ನನ್ನ ಅಪ್ಪ. ಅಪ್ಪ ಅಮ್ಮನ ಮೇಲೆ ಒಮ್ಮೆಯೂ ಕೈ ಮಾಡಿದವನಲ್ಲ. ನನ್ನ ದೂರು ಇಷ್ಟೇ. ಉಳಿದದ್ದು ವಿವರ.

ಅಮ್ಮ ನಮ್ಮ ಬಂದರಿನ ಮೊದಲ ಮಹಿಳಾ ಕ್ರೇನ್ ಚಾಲಕಿ. ಅವಳು ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ನಿರ್ದೇಶಕರು ಮನೆಗೆ ಬಂದರು. ಆಳವಾದ ಸಂಶೋಧನೆ ನಡೆಸಿದರು, ಅಂದರೆ ಎರಡು ಸಲ ಚಹಾ ಕುಡಿದರು.

"ನಿಮ್ಮಿಬ್ಬರ ನಡುವೆ ಮಾತುಕತೆ ಹೇಗಿತ್ತು ಸರ್?" ಎಂದು ಕೇಳಿದರು.

"ಮಾತೆಲ್ಲಿ ಬಂತಪ್ಪ? ಅವಳು ಮೇಲೆ, ನಾನು ಕೆಳಗೆ. ಆ ಗಲಾಟೇಲಿ ಯಾರ ಮಾತು ಯಾರಿಗೆ ಕೇಳ್ಸತ್ತೆ? ಇಡೀ ಪಾಳಿ ಒಂದು ಮಾತೂ ಇರ್ತಿರ್ಲಿಲ್ಲ," ಎಂದ ಅಪ್ಪ.

ನಿರ್ದೇಶಕರ ಕಣ್ಣು ತುಂಬಿಬಂತು. ಆಮೇಲೆ ಗೋಡೆಯ ಮೇಲಿದ್ದ ಫೋಟೋ ಅವರ ಕಣ್ಣಿಗೆ ಬಿತ್ತು. ಅದರಲ್ಲಿ ಅಪ್ಪ ಬಲಗೈ ಮೇಲೆತ್ತಿ, ಬಿಸಿಲಿಗೆ ಮುಖ ಗಂಟು ಹಾಕಿಕೊಂಡು ನಿಂತಿದ್ದಾನೆ. ಎದುರಿಗೆ ಅಮ್ಮ ಕಣ್ಣರಳಿಸಿ ಆ ಕೈಯನ್ನೇ ನೋಡುತ್ತಿದ್ದಾಳೆ. ಇನ್ನೇನು ಬೇಕು? ಅದೇ ತಮ್ಮ ಸಮಿತಿ ಹೊಗಳಿದ 'ಎದೆ ನಡುಗಿಸುವ ಮಧ್ಯಂತರ'ವಾಯಿತು.

ಅಪ್ಪ ಕ್ರೇನಿಗೆ ಸನ್ನೆ ಕೊಡುವವನು, ಮಾನ್ಯರೇ. ಬಲಗೈ ಎತ್ತಿ ಅಂಗೈ ಎದುರಿಗೆ ತೋರಿಸಿದರೆ 'ನಿಲ್ಲಿಸು' ಎಂದರ್ಥ. ಅಮ್ಮ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಪ್ಪ ಅವಳಿಗೆ ಸನ್ನೆಗಳನ್ನು ಕಲಿಸುತ್ತಿದ್ದಾಗ ತೆಗೆದ ಫೋಟೋ ಅದು. ಆಗಿನ್ನೂ ಅವರಿಗೆ ಮದುವೆಯೇ ಆಗಿರಲಿಲ್ಲ. ನಿಲ್ಲಿಸುವ ಸನ್ನೆಗೊಂದು ನಿಯಮವಿದೆ: ಯಾರೇ ತೋರಿಸಲಿ, ಪಾಲಿಸಲೇಬೇಕು. ಈ ನಿಯಮವನ್ನು ಅವರಿಬ್ಬರೂ ಮನೆಗೂ ತಂದರು. ಜಗಳ ಏರಿದಾಗ ಒಬ್ಬರು ಅಂಗೈ ತೋರಿಸಿದರೆ ಇನ್ನೊಬ್ಬರು ಅರ್ಧ ವಾಕ್ಯದಲ್ಲೇ ಬಾಯಿ ಮುಚ್ಚಬೇಕು. ಹೆಚ್ಚು ಸಲ ತೋರಿಸಿದವಳು ಅಮ್ಮ. ಅಪ್ಪನ ಎಷ್ಟೋ ವಾಕ್ಯಗಳು ಇವತ್ತಿಗೂ ಅರ್ಧಕ್ಕೇ ನಿಂತಿವೆ.

ಚಿತ್ರ ಪೂರ್ತಿ ಕೆಟ್ಟದ್ದೆಂದರೆ ನಾನೂ ನಿರ್ದೇಶಕರ ಸಾಲಿಗೆ ಸೇರಿದಂತಾಗುತ್ತದೆ. ಒಂದು ದೃಶ್ಯವಿದೆ. ನಟಿ ಕ್ರೇನಿನ ಗೂಡಿನಲ್ಲಿ ಒಬ್ಬಳೇ ಕುಳಿತು, ತೋಳಿನಿಂದ ಗಾಜು ಒರೆಸಿ, ಕೆಳಗಿನ ಜನರನ್ನು ಸುಮ್ಮನೆ ನೋಡುತ್ತ ಬುತ್ತಿ ಬಿಚ್ಚಿ ತುತ್ತು ಬಾಯಿಗಿಡುತ್ತಾಳೆ. ಮಾತಿಲ್ಲ, ಸಂಗೀತವೂ ಇಲ್ಲ. ನಾನು ಹುಟ್ಟುವ ಮೊದಲಿನ ಅಮ್ಮನನ್ನು ನನಗೆ ಯಾರೂ ತೋರಿಸಿರಲಿಲ್ಲ. ಅವಳಿಗೂ ಒಂಟಿತನವಿತ್ತೆಂಬುದು ನನಗೆ ಹೊಳೆದೇ ಇರಲಿಲ್ಲ. ಪುಸ್ತಕವಾದರೆ ಪುಟಗಟ್ಟಲೆ ಬರೆಯಬೇಕಾದದ್ದನ್ನು ಸಿನಿಮಾ ಒಂದು ತುತ್ತಿನಲ್ಲಿ ಹೇಳಿಬಿಟ್ಟಿತು. ಅಲ್ಲಿ ನನಗೆ ಅಳು ಬಂತು. ಈ ಚಿತ್ರ ನೋಡಿ ಬಂದರಿನ ತರಬೇತಿಗೆ ಹುಡುಗಿಯರು ಸೇರುತ್ತಿದ್ದಾರಂತೆ. ಅದರ ಪುಣ್ಯವೂ ನಿರ್ದೇಶಕರಿಗೇ ಸೇರಲಿ.

ಆದರೆ ಹೆಂಗಸೊಬ್ಬಳು ಎತ್ತರಕ್ಕೆ ಏರಿದಳೆಂದು ನಂಬಿಸಲು ಕೆಳಗೊಬ್ಬ ದುಷ್ಟ ಗಂಡ ನಿಂತಿರಲೇಬೇಕೆ? ಅಮ್ಮನ ಎದುರಾಳಿಗಳಿಗೆ ಬರವಿರಲಿಲ್ಲ. ಗಾಳಿಯಿತ್ತು, ಬೆನ್ನುನೋವಿತ್ತು, ಹೆಂಗಸರಿಗೊಂದು ಶೌಚಾಲಯ ಕಟ್ಟಿಸದ ಆಡಳಿತ ಮಂಡಳಿಯಿತ್ತು. ಆಡಳಿತ ಮಂಡಳಿಯ ಮುಖಕ್ಕೆ ಕ್ಯಾಮೆರಾ ಹಿಡಿಯಲಾಗುವುದಿಲ್ಲವಲ್ಲ, ಹಾಗಾಗಿ ಅಪ್ಪ ಸಿಕ್ಕಿದ. ಚಿತ್ರದಲ್ಲಿ ನಾನಂತೂ ಇಲ್ಲವೇ ಇಲ್ಲ. ನನ್ನ ಬದಲು ಒಂದು ನಾಯಿಯಿದೆ. ನಾಯಿ ಚೆನ್ನಾಗಿ ನಟಿಸಿದೆ, ಆ ಬಗ್ಗೆ ತಕರಾರಿಲ್ಲ. ನನ್ನ ತಕರಾರು ಕೊನೆಯ ಕ್ಷಣದ ಬಗ್ಗೆ. ಹೆಸರುಗಳು ಏರುತ್ತಿರುವಾಗ ಆ ನಿಜವಾದ ಫೋಟೋ ತೆರೆಯ ತುಂಬ ಬರುತ್ತದೆ. ಕಟ್ಟುಕಥೆ ಕಟ್ಟಿಕೊಂಡೇ ಹೋಗಲಿ, ಬೇಡವೆನ್ನಲು ನಾನ್ಯಾರು? ಆದರೆ ಆ ಕಥೆಗೆ ನಮ್ಮ ಮನೆಯ ಫೋಟೋದಿಂದ ರುಜು ಹಾಕಿಸುವುದೇಕೆ?

ಅಪ್ಪ ಸಂಜೆ ಹೊತ್ತು ನಮ್ಮ ಕಟ್ಟಡದ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಇಕ್ಕಟ್ಟಿನಲ್ಲಿ ಹಿಂದಕ್ಕೆ ಬರುವ ಕಾರುಗಳಿಗೆಲ್ಲ ಅವನದೇ ಸನ್ನೆ. ಚಿತ್ರ ಟೀವಿಯಲ್ಲಿ ಬಂದ ಮರುದಿನ ಎದುರು ಮನೆಯಾಕೆ ಕಾರಿನ ಗಾಜು ಇಳಿಸಿ, "ಆ ಕೈ ಕೆಳಗಿಳಿಸಿ ಯಜಮಾನ್ರೇ, ನೋಡಿದೀವಿ ನಾವು," ಎಂದರು. ಅಪ್ಪ ಮನೆಯೊಳಗೆ ಬಂದ.

"ಬಾಪ್ಪ, ನಾನೇ ಹೋಗಿ ಅವ್ರಿಗೆ ಹೇಳ್ತೀನಿ," ಎಂದೆ.

"ಏನಂತ ಹೇಳ್ತೀಯ ಮಗಳೇ? ಸಿನಿಮಾಗೆ ಪ್ರಶಸ್ತಿ ಬಂದಿದೆ. ನನಗೇನು ಬಂದಿದೆ?"

ಅವತ್ತಿನಿಂದ ಎರಡೂ ಕೈ ಜೇಬಿನಲ್ಲಿ. ಊಟಕ್ಕೆ ಮಾತ್ರ ಹೊರಗೆ ತೆಗೆಯುತ್ತಾನೆ. ಜೀವಮಾನವಿಡೀ ಕೈಯಲ್ಲೇ ಮಾತಾಡಿದವನು ಅವನು. ಅವನೀಗ ಮಾತು ಬಿಟ್ಟಿದ್ದಾನೆಂದು ಯಾರಿಗೆ ಹೇಗೆ ವಿವರಿಸಲಿ?

ಪ್ರಶಸ್ತಿ ವಾಪಸ್ ಪಡೆಯಿರೆಂದು ಕೇಳುತ್ತಿಲ್ಲ. ಆ ತುತ್ತಿನ ದೃಶ್ಯಕ್ಕಾಗಿ ಅದು ನಿರ್ದೇಶಕರಿಗೇ ಸಲ್ಲಲಿ. ಆದರೆ 'ಸತ್ಯನಿಷ್ಠ' ಎಂಬ ಪದವನ್ನು ದಯವಿಟ್ಟು ಅಳಿಸಿ. ಚಿತ್ರದ ಮೊದಲಿಗೆ 'ಇದರಲ್ಲಿನ ಗಂಡ ಕಲ್ಪಿತ' ಎಂದು, ಕೊನೆಯ ಫೋಟೋದ ಕೆಳಗೆ 'ಈ ಸನ್ನೆಯ ಅರ್ಥ: ನಿಲ್ಲಿಸು' ಎಂದು ಹಾಕಿಸಿ. ಪ್ರದಾನ ಸಮಾರಂಭದಲ್ಲಿ ಭಾಷಣಗಳನ್ನು ನಿಲ್ಲಿಸುವ ಹೊಣೆಯನ್ನು ಅಪ್ಪನಿಗೆ ವಹಿಸಿ. ನಿಯಮ ನೆನಪಿದೆಯಲ್ಲ, ಯಾರೇ ತೋರಿಸಲಿ, ಪಾಲಿಸಲೇಬೇಕು. ತಾವೂ.

ಇಂತಿ,
ತಮ್ಮ ಪ್ರಶಸ್ತಿ ವಿಜೇತ ಚಿತ್ರದಲ್ಲಿ ನಾಯಿಯಾಗಿ ಕಾಣಿಸಿಕೊಂಡ
ಮಗಳು

ತಾ.ಕ.: ರುಜು ಹಾಕುವಷ್ಟರಲ್ಲಿ ಕರೆಗಂಟೆಯ ಸದ್ದಾಯಿತು. ಬಾಗಿಲಲ್ಲಿ ಎದುರು ಮನೆಯಾಕೆ, ಕೈಯಲ್ಲಿ ಕಾರಿನ ಕೀಲಿ. ಒಳಗೆ ಅಪ್ಪ ತಲೆಯೆತ್ತಿದ. ಆಕೆ ನನ್ನ ಭುಜದ ಮೇಲಿಂದ ಇಣುಕಿ ಹೇಳಿದರು: "ಸಿನಿಮಾ ನಿಜಾನೋ ಸುಳ್ಳೋ ಆಮೇಲೆ ಮಾತಾಡೋಣಮ್ಮ. ಕಾರು ಗೇಟಿಗೂ ಕಂಬಕ್ಕೂ ಮಧ್ಯೆ ಸಿಕ್ಕಾಕ್ಕೊಂಡಿದೆ, ಹಿಂದೆ ನಾಲ್ಕು ಕಾರಿನವರು ಹಾರ್ನ್ ಹೊಡೀತಿದಾರೆ. ನಿಮ್ಮ ತಂದೇನ ಕಳಿಸಿ. ಕೈ ಜೇಬಿಂದ ತೆಕ್ಕೊಂಡು ಬರೋಕೆ ಹೇಳಿ."