ತಂಪೂರಿನ ಗೋಡೆ

ಬಿಸಿಲುಶಕೆ ನಲವತ್ತೊಂದು, ಎರಡನೇ ಬೇಸಿಗೆಯ ಮೊದಲ ವಾರ

ಊರಂಚಿನ ಹೊಲದಲ್ಲಿ ತೋಟದ ಹಳ್ಳಿ ಕಟ್ಟಬೇಕೆಂದು ನಕ್ಷೆ ಹಾಸಿಕೊಂಡು ಕುಳಿತಿರುವ ಹಿರಿಯರಿಗೆ ಕಾಶವ್ವ ಪತ್ತಾರಳ ನಮಸ್ಕಾರ.

ಮೇಲಿನ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ; ನಾನು ಬರೆಯುತ್ತಿರುವುದು ನಿಮಗೆ ಮುಂದೆ ಬರಲಿರುವ ಕಾಲದಿಂದ. ನಮ್ಮ ವರ್ಷದಲ್ಲಿ ಬೇಸಿಗೆ ಎರಡು ಸಲ ಬರುತ್ತದೆ, ಹಾಗಾಗಿ ತಿಂಗಳುಗಳ ಹಳೆಯ ಹೆಸರುಗಳನ್ನು ನಾವು ಕೈಬಿಟ್ಟಿದ್ದೇವೆ. ನನ್ನ ಕೆಲವು ಮಾತು ನಿಮ್ಮ ಕಿವಿಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು. ಮಾತು ಹೊಸದಾದರೂ ನಡೆದ ಸಂಗತಿ ನಿಮಗೆ ಅರ್ಥವಾಗದಷ್ಟು ಹೊಸದೇನಲ್ಲ.

ಹಾಲಗುಂಡಿ ಪಟ್ಟಣ ಬೆಳೆದು ಬೆಳೆದು ಗುಡ್ಡದ ಬುಡ ಮುಟ್ಟಿದಾಗ, ಅದರ ಪೂರ್ವದ ಅಂಚಿನಲ್ಲಿ ನಮ್ಮ ತಂಪೂರನ್ನು ಕಟ್ಟಿದರು. ತಂಪೂರು ಎಂದರೆ ನೀವು ಕಟ್ಟಹೊರಟಿರುವಂಥದೇ ಹಳ್ಳಿ. ಮಣ್ಣಿನ ದಪ್ಪ ಗೋಡೆಯ ಮನೆಗಳು, ಪ್ರತಿ ಮನೆಯ ಹಿಂದೆ ಒಂದು ಕೈತೋಟ, ಓಣಿಯ ಎರಡೂ ಬದಿಗೆ ಬೇವು ಮತ್ತು ಹೊಂಗೆ, ನಟ್ಟನಡುವೆ ಮೆಟ್ಟಿಲಿಳಿದು ಹೋಗುವ ಬಾವಿ. ಮಧ್ಯಾಹ್ನದ ಕೆಂಪುಹೊತ್ತಿನಲ್ಲಿ ಹೊರಗೆ ಕಾಲಿಟ್ಟರೆ ಆಳು ಕುಸಿದು ಬೀಳುತ್ತಾನೆ; ಆಗ ಎಲ್ಲರೂ ಬಾವಿಯ ಸುತ್ತಲಿನ ಮರಗಳಡಿ ಸೇರಿ ಕಾಳು ಹಸನು ಮಾಡುತ್ತೇವೆ, ಹಗ್ಗ ಹೊಸೆಯುತ್ತೇವೆ, ಕೂಸುಗಳನ್ನು ಒದ್ದೆ ಅರಿವೆಯಲ್ಲಿ ಸುತ್ತಿ ಮಲಗಿಸುತ್ತೇವೆ. ಪಟ್ಟಣದ ತಗಡಿನ ಓಣಿಗಳಲ್ಲಿ ಮರವಿರಲಿಲ್ಲ. ಅಲ್ಲಿ ತಂಪುಕಂಬಗಳಿದ್ದವು. ಕರೆಂಟು ಇರುವಷ್ಟು ಹೊತ್ತು ಮಂಜಿನಂಥ ನೀರು ಚಿಮ್ಮಿಸುವ ಉದ್ದನೆಯ ಕೊಳವೆಗಳು ಅವು.

ನಾನೂ ನನ್ನ ಅಣ್ಣ ಮಾನಪ್ಪನೂ ಆ ತಗಡಿನ ಓಣಿಯಲ್ಲೇ ಬೆಳೆದವರು. ಅಪ್ಪ ಅವ್ವ ಸತ್ತ ಮೇಲೆ ನಮ್ಮನ್ನು ಸಾಕಿದವನು ಕಾಕಾ ಅಡಿವೆಪ್ಪ. ತನ್ನ ಮಗಳು ನಿಂಗವ್ವನಿಗೂ ನಮಗೂ ಒಂದೇ ತಾಟಿನಲ್ಲಿ ಉಣಿಸಿದ. ತಂಪೂರಿನ ಮನೆಗಳಿಗೆ ಚೀಟಿ ಎತ್ತಿದಾಗ ನಮ್ಮ ಹೆಸರು ಬಂತು, ಕಾಕಾನ ಹೆಸರು ಬರಲಿಲ್ಲ. ಅವನೇ ನಮ್ಮ ಪಾತ್ರೆ ಪಗಡಗಳನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಬಂದು, ಹೊಸ ಮನೆಯ ಹೊಸ್ತಿಲಿಗೆ ಅರಿಶಿಣ ಹಚ್ಚಿ ಹೋದ.

ನಕ್ಷೆಯಲ್ಲಿ ಮೊದಲು ಗೋಡೆ ಇರಲಿಲ್ಲ. ಪಟ್ಟಣದ ಆಡುಗಳು ಬಂದು ಸಸಿಗಳನ್ನು ಬೋಳು ಮಾಡಿದವು, ಅದಕ್ಕೆ ಮುಳ್ಳುಬೇಲಿ ಹಾಕಿದರು. ಬೇಲಿ ಸಾಲದೆಂದು ಕಲ್ಲು ಕಟ್ಟಿದರು. ಸಭೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಯಾರೋ ಇನ್ನೆರಡು ಮೊಳ ಏರಿಸಿ ಎಂದರು, ಏರಿತು. ಆಮೇಲೆ ಒಂದು ಕಬ್ಬಿಣದ ಸರಳಿನ ಬಾಗಿಲು ಬಂತು, ಬಾಗಿಲಿಗೆ ಕಾವಲು ಬಂತು. ಕಾವಲಿನ ಹಿರೇಮನುಷ್ಯನಾಗಿ ಮಾನಪ್ಪನನ್ನು ಆರಿಸಿದರು. ಆಡಿನ ಮಾತು ಎಲ್ಲರಿಗೂ ಮರೆತೇಹೋಯಿತು.

ಒಂದು ದಿನ ಬೆಳಗ್ಗೆಯೇ ಕರೆಂಟು ಹೋಗಿ ಪಟ್ಟಣದ ತಂಪುಕಂಬಗಳು ನಿಂತವು. ಕೆಂಪುಹೊತ್ತು ಏರುವಷ್ಟರಲ್ಲಿ ತಗಡಿನ ಓಣಿಗಳ ಜನವೆಲ್ಲ ನಮ್ಮ ಬಾಗಿಲಿಗೆ ಬಂದು ನಿಂತಿತ್ತು. ದಾರಿಯಲ್ಲೇ ಬಿದ್ದವರನ್ನು ಹಾದಿಬದಿಗೆ ಬಿಟ್ಟು ಬಂದಿದ್ದರು. ಮುಂದೆ ಕಾಕಾ ಇದ್ದ. ಪಕ್ಕದಲ್ಲಿ ನಿಂಗವ್ವ, ಅವಳ ಹೆಗಲ ಮೇಲೆ ಅಳಲೂ ತ್ರಾಣವಿಲ್ಲದ ಕೂಸು.

"ಮಾನಪ್ಪಾ, ಬಾಗ್ಲಾ ತಗಿಯೋ. ಕೂಸು ಒಣಗಾಕತ್ತೈತಿ," ಎಂದ ಕಾಕಾ.

"ನಿನಗ ತಗೀತೀನಿ ಕಾಕಾ, ನಿಂಗಿಗೂ ತಗೀತೀನಿ. ಹಿಂದಿನ ಮಂದಿಗೆ ಅಲ್ಲ. ಇಷ್ಟೂ ಮಂದಿ ಒಳಗ ಬಂದ್ರ ಬಾವ್ಯಾಗ ನೀರು ಉಳೀತದೇನು?"

"ಇವರನ್ನ ಬಿಸಿಲಾಗ ಬಿಟ್ಟು ನಾ ಹೆಂಗ ಬರ್ಲೋ?"

ಕಾಕಾ ಸರಳುಗಳ ನಡುವೆ ಕೈ ತೂರಿಸಿ ಅಗುಳಿಯನ್ನು ಹಿಡಿದ. ಮಾನಪ್ಪ ಆ ಕೈಯ ಮೇಲೆ ಕಬ್ಬಿಣದ ಹಾರೆ ಬೀಸಿದ. ಎಲುಬು ಮುರಿದದ್ದು ನನಗೆ ಕೇಳಿಸಿತು. ಕಾಕಾ ಕೈ ಬಿಡಲಿಲ್ಲ. "ಬಿಡು ಕಾಕಾ, ಬಿಡು!" ಎಂದು ಅಣ್ಣ ಅಳುತ್ತಲೇ ಕೂಗಿದ, ಅಳುತ್ತಲೇ ಹಾರೆಯನ್ನು ಸರಳುಗಳ ನಡುವಿನಿಂದ ಅವನ ಹಣೆಗೆ ತಿವಿದ. ಕಾಕಾ ನಿಂತಲ್ಲೇ ಕುಸಿದ. ಮುರಿದ ಕೈ ಅಗುಳಿಗೆ ಸಿಕ್ಕಿಕೊಂಡಿತ್ತು, ದೇಹ ಅದಕ್ಕೆ ಜೋತುಬಿತ್ತು.

ಕಲ್ಲುಗಳು ಬೀಳತೊಡಗಿದವು. ಹಿಂದಿನವರು ನೂಕಿದರು, ಮುಂದಿದ್ದ ಮುದುಕರು ಸರಳುಗಳಿಗೆ ಒತ್ತಿಹೋಗಿ ಉಸಿರುಗಟ್ಟಿ ಸತ್ತರು. ನಮ್ಮ ಕಾವಲಿನವರು ಗೋಡೆಯ ಮೇಲೆ ಹತ್ತಿ, ಏರಿ ಬರುವವರ ಬೆರಳುಗಳನ್ನು ಕುಡುಗೋಲಿನಿಂದ ಕಡಿದರು. ಅದೇ ಕುಡುಗೋಲಿನಿಂದ ಅವರು ಹಿಂದಿನ ದಿನ ಹುಲ್ಲು ಕೊಯ್ದಿದ್ದರು. ನಾನು ಓಡಿಹೋಗಿ ಅಗುಳಿಗೆ ಕೈಹಾಕಿದೆ. ಮಾನಪ್ಪ ನನ್ನ ಜಡೆ ಹಿಡಿದು ಎಳೆದ.

"ತಗೀಬ್ಯಾಡ ಕಾಶೀ! ನನ್ನ ಕೊಲ್ತಾರ!"

ಅವನು ಹೇಳಿದ್ದು ನಿಜವೆಂದು ನನಗೆ ಗೊತ್ತಿತ್ತು. ಅವನ ಮೊಣಕೈಗೆ ಹಲ್ಲು ಊರಿ ಕಚ್ಚಿದೆ. ಕಾಕಾನ ಕೈಯನ್ನು ಬಿಡಿಸಿ ಅಗುಳಿ ಎಳೆದೆ.

ಜನ ಒಳಗೆ ನುಗ್ಗಿತು. ನಿಂಗವ್ವ ನನ್ನೆದುರು ನಿಂತಳು. "ಹಿಡಿ ಅಕ್ಕಾ," ಎಂದು ಕೂಸನ್ನು ನನ್ನ ಕೈಗಿಟ್ಟಳು. ನೆಲದ ಮೇಲಿದ್ದ ಹಾರೆ ಎತ್ತಿಕೊಂಡು ಮಾನಪ್ಪನ ಕಡೆಗೆ ನಡೆದಳು. ಅವನು ತಪ್ಪಿಸಿಕೊಳ್ಳಲಿಲ್ಲ. ಮೊದಲ ಏಟು ಅವಳದು, ಉಳಿದವು ಯಾರ್ಯಾರದೋ. ನಾನು ಕೂಸನ್ನೆತ್ತಿಕೊಂಡು ಬಾವಿಗೆ ಇಳಿದೆ. ನೀರಲ್ಲಿ ಸೆರಗು ಅದ್ದಿ ಅದರ ತುಟಿಗೆ ಹಿಂಡುತ್ತ ಕುಳಿತೆ. ಮೇಲಿನ ಸದ್ದು ನಿಲ್ಲುವವರೆಗೂ ಹಿಂಡಿದೆ. ಕೂಸು ಉಳಿಯಿತು.

ಸಂಜೆಯವರೆಗೆ ಆ ಜನರೆಲ್ಲ ನಮ್ಮ ಮರಗಳಡಿ ಮಲಗಿದ್ದರು. ಸತ್ತವರು ಒಂದು ಸಾಲು, ಬದುಕಿದವರು ಅವರ ಪಕ್ಕದಲ್ಲೇ. ಬಾವಿ ರಾಡಿಯಾಯಿತು, ಬತ್ತಲಿಲ್ಲ.

ಗೋಡೆಯನ್ನು ಆಮೇಲೆ ಕೆಡವಿದೆವು. ಸುಳ್ಳೇಕೆ ಹೇಳಲಿ, ಆಡುಗಳು ಮತ್ತೆ ಬಂದು ಸಸಿ ತಿಂದವು, ಈಗಲೂ ತಿನ್ನುತ್ತವೆ. ನಾವು ಬೈಯುತ್ತೇವೆ, ಅಟ್ಟುತ್ತೇವೆ, ಮತ್ತೆ ನೆಡುತ್ತೇವೆ. ನಿಂಗವ್ವ ಮಗಳೊಡನೆ ನಮ್ಮ ಓಣಿಗೇ ಬಂದು ನೆಲೆಸಿದಳು. ಬಹಳ ವರ್ಷ ನಾವಿಬ್ಬರೂ ಮಾತಾಡಲಿಲ್ಲ. ಅವಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು, ನನ್ನನ್ನು ಕಂಡರೆ ಅವಳಿಗೂ ಹಾಗೇ ಆಗುತ್ತಿದ್ದಿರಬೇಕು. ಒಂದು ದಿನ ಅವಳಿಗೆ ಜ್ವರ ಬಂತು, ನಾನು ಗಂಜಿ ಒಯ್ದೆ. ಅವಳು ಕುಡಿದಳು. ಅಷ್ಟೇ.

ಈಗ ಪಡುವಣ ಅಂಚಿನಲ್ಲಿ ಮತ್ತೊಂದು ತಂಪೂರು ಕಟ್ಟುತ್ತಾರಂತೆ. ಹುಡುಗರು ನಕ್ಷೆಯ ಸಭೆಗೆ ಹಿರಿಯರನ್ನೆಲ್ಲ ಕರೆದರು. ನಕ್ಷೆಯ ಸುತ್ತ ಒಂದು ದಪ್ಪ ಗೆರೆಯಿತ್ತು. ಏನದು ಎಂದು ಕೇಳಿದೆ. "ಸಣ್ಣ ಗೋಡೆ ಅಜ್ಜೀ, ಆಡಿನ ಕಾಟಕ್ಕ," ಎಂದರು. ನಿಂಗವ್ವ ಎದ್ದು ನಿಂತಳು.

"ಇಕಿ ಅಣ್ಣ ನಮ್ಮಪ್ಪನ್ನ ಕೊಂದ. ಇಕಿ ಅಣ್ಣನ್ನ ನಾ ಕೊಂದೆ," ಎಂದಳು. "ಇಬ್ರೂ ಒಳ್ಳೇವ್ರಿದ್ರಪಾ. ನಾನೂ ಕೆಟ್ಟಾಕಿ ಅಲ್ಲ. ನಡುವ ಬಾಗ್ಲ ಇತ್ತು, ಅಷ್ಟ."

ಹುಡುಗರು ನಕ್ಷೆ ಸುತ್ತಿಕೊಂಡು ಹೋದರು. ಗೆರೆ ಅಳಿಸಿದರೋ ಇಲ್ಲವೋ ಇನ್ನೂ ತಿಳಿದಿಲ್ಲ. ನಿಮ್ಮಲ್ಲಿ ಅದನ್ನಿನ್ನೂ ಎಳೆದಿಲ್ಲವೆಂಬ ನಂಬಿಕೆಯಿಂದ ಬರೆದಿದ್ದೇನೆ. ಮರ ನೆಡಿ, ಬಾವಿ ತೋಡಿ, ಬೇಕಾದಷ್ಟು ತೋಟ ಮಾಡಿ. ಆಡು ತಿಂದರೆ ತಿನ್ನಲಿ.

ನಿಮ್ಮನ್ನು ನಾವು ಕಾಣಲಾರೆವು. ಸುಖವಾಗಿರಿ.