ಕೂಡೊಡಲು

ಹೊಳೆನರಸೀಪುರ
೧೮ ಫೆಬ್ರುವರಿ ೨೦೨೫

ಸಂಪತ್ಕುಮಾರ್ ಅವರಿಗೆ,

ಗೌತಮಿಯ ನಮಸ್ಕಾರ. ನಿಮ್ಮ ಕಾಗದ ಬಂತು. ಫೋನ್ ಮಾಡಿದರೆ ನಾನು ಎತ್ತುವುದಿಲ್ಲವೆಂದು ಕಾಗದ ಬರೆದಿದ್ದೀರಿ. ಸರಿಯಾಗಿಯೇ ಊಹಿಸಿದ್ದೀರಿ. ಚನ್ನರಾಯಪಟ್ಟಣದ ಶಾಲೆಯ ವಾರ್ಷಿಕೋತ್ಸವದಲ್ಲಿ ನಿಮಗೆ ಸನ್ಮಾನವಾದಾಗ ತುಂಬಿದ ಸಭೆಯ ಮುಂದೆ ನಿಮ್ಮ ಮಾನ ಯಾಕೆ ಕಳೆದೆ, ಊಟಕ್ಕೂ ನಿಲ್ಲದೆ ಯಾಕೆ ಹೊರಟೆ ಎಂದು ಕೇಳಿದ್ದೀರಿ. ಹೇಳುತ್ತೇನೆ.

ನಿಮ್ಮ ವಿಜ್ಞಾನ ನಿಘಂಟಿನಲ್ಲಿ ಎಲ್ಲರೂ ಹೊಗಳುವ ಪದ ‘ಕೂಡೊಡಲು’. ಅದು ಹುಟ್ಟಿದ್ದು ಹಾಸನದ ನಮ್ಮ ಅಡುಗೆಮನೆಯಲ್ಲಿ. ಅತ್ತೆಯವರೂ ನಾನೂ ಅವರೆಕಾಯಿ ಸುಲಿಯುತ್ತಿದ್ದೆವು. ನೀವು ಬಾಗಿಲಲ್ಲಿ ನಿಂತು, “‘ಗ್ರೆಕ್ಸ್’ಗೆ ‘ಹಿಂಡು’ ಅಂತ ಹಾಕಿದೀನಿ, ಸಾಕಲ್ವಾ?” ಎಂದಿರಿ. ಲ್ಯಾಟಿನ್ನಿನಲ್ಲಿ ಅದರ ಅರ್ಥ ಹಿಂಡೇ. ಆದರೂ ನಾನು ಒಪ್ಪಲಿಲ್ಲ.

“ಹಿಂಡಿಂದ ಒಂದು ಕುರಿ ಆಚೆ ಹೋದ್ರೂ ಹಿಂಡು ಹಿಂಡೇ, ಕುರಿ ಕುರೀನೇ. ಇದು ಹಾಗಲ್ಲ ರೀ. ಮಣ್ಣಲ್ಲಿ ಒಂಟಿಯಾಗಿ ಬದುಕೋ ಅಮೀಬಾಗಳು ಆಹಾರ ಮುಗಿದಾಗ ಸಾವಿರಗಟ್ಟಲೆ ಸೇರ್ತವೆ. ಸೇರಿ ಒಂದೇ ಮೈಯಾಗಿ ತೆವಳ್ತವೆ. ಆ ಮೈಗೆ ಈ ಹೆಸರು. ಕೂಡಿ ಆದ ಒಡಲು. ಕೂಡೊಡಲು ಅನ್ನಿ.”

ನೀವು ನಕ್ಕಿರಿ. “ಅವರೆಕಾಯಿ ಸುಲಿಯೋವಾಗ ಬಾಯಿಗೆ ಬಂದಿದ್ದೆಲ್ಲ ಪದ ಆಗಲ್ಲ, ಗೌತಮಿ.”

ನಾನೂ ನಿಮ್ಮಂತೆ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಹೇಳುವವಳು ಎಂಬುದು ಆಗ ನಿಮಗೆ ಮರೆತಿತ್ತು. ನಿಘಂಟು ಅಚ್ಚಾಗಿ ಬಂದಾಗ ನನ್ನ ಪದ ಇತ್ತು. ಮುನ್ನುಡಿಯಲ್ಲಿ ಮುದ್ರಣಾಲಯದ ಕೆಂಪಣ್ಣನವರ ಹೆಸರೂ ಇತ್ತು. ನನ್ನದಿರಲಿಲ್ಲ. ಕೇಳಿದ್ದಕ್ಕೆ, “ಮನೆಯವರಿಗೆಲ್ಲ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರೇನೇ?” ಎಂದಿರಿ. ಆ ವರ್ಷವೇ ಈ ಊರಿಗೆ ವರ್ಗ ಕೇಳಿ ಪಡೆದೆ. ಜನ ವಿಚಾರಿಸಿದರೆ, ಸರ್ಕಾರಿ ಕೆಲಸ, ಹಾಕಿದ ಕಡೆ ಹೋಗಬೇಕಲ್ಲ ಎಂದು ಇಬ್ಬರೂ ಸುಳ್ಳು ಹೇಳಿಕೊಂಡು ಬಂದೆವು.

ಸನ್ಮಾನದ ದಿನ ನಾನು ಕೊನೆಯ ಸಾಲಿನಲ್ಲಿ ಕುಳಿತಿದ್ದೆ. ನೀವು ಮೈಕಿನ ಮುಂದೆ ಕೈಮುಗಿದು, “ಈ ಪದ ನನ್ನದಲ್ಲ” ಎಂದಾಗ ನನ್ನ ಹೆಸರು ಬರುತ್ತದೆಂದು ಕುರ್ಚಿಯ ತುದಿಗೆ ಸರಿದೆ. “ನಮ್ಮ ತಾಯಿ ಶ್ರೀರಂಗಮ್ಮನವರ ಬಾಯಿಂದ ಬಂದದ್ದು” ಎಂದಿರಿ. ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನಲ್ಲಿದ್ದ ಅತ್ತೆಯವರು ಜನರತ್ತ ತಿರುಗಿ ಕೈಮುಗಿದರು. ಅಷ್ಟರಲ್ಲಿ ನನ್ನನ್ನು ಕಂಡರು. ಸೆರಗು ಸರಿಮಾಡಿಕೊಂಡು ಮುಂದಕ್ಕೆ ತಿರುಗಿ ಕುಳಿತರು.

ಪಕ್ಕದಲ್ಲಿ ಮೊಮ್ಮಗಳ ಡ್ಯಾನ್ಸ್ ನೋಡಲು ಬಾಗೂರಿನಿಂದ ಬಂದಿದ್ದ ಶಿವಗಂಗಮ್ಮ ಎಂಬುವರಿದ್ದರು. “ಎತ್ತವ್ವನ್ನ ಎಂಗ್ ಮೆರೆಸ್ತಾವ್ನೆ ನೋಡವ್ವಾ! ಅವನ್ ಕಟ್ಕಂಡೋಳು ಪುಣ್ಯ ಮಾಡಿದ್ಲು ಕಣ” ಎಂದರು. ನಾನು ಹೂಂ ಎಂದೆ.

ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಭವ್ಯಶ್ರೀ ಎಂಬ ಹುಡುಗಿ ಎದ್ದು, “ಸರ್, ನಮ್ ಕ್ಲಾಸನ್ನ ಕೂಡೊಡಲು ಅನ್ಬೋದಾ?” ಎಂದು ಕೇಳಿದಳು. ನೀವು, “ಧಾರಾಳವಾಗಿ ಅನ್ನಮ್ಮಾ. ಜನ ಸೇರಿದ್ದೆಲ್ಲ ಕೂಡೊಡಲೇ” ಎಂದಿರಿ. ಕಿತ್ತುಕೊಂಡದ್ದನ್ನು ನೆಟ್ಟಗೆ ಬಳಸಲೂ ನಿಮಗೆ ಬರಲಿಲ್ಲವಲ್ಲ. ಯಾವ ಅರ್ಥ ಬೇಡವೆಂದು ನಾನು ಅಂದು ಜಗಳವಾಡಿದ್ದೆನೋ ಅದನ್ನೇ ಅದಕ್ಕೆ ತೊಡಿಸಿದಿರಿ.

ಆಗ ನಾನು ಎದ್ದು ನಿಂತೆ. “ಸರ್, ಕೂಡೊಡಲನ್ನ ಎರಡು ತುಂಡು ಮಾಡಿದ್ರೆ ಏನಾಗುತ್ತೆ?”

ನಿಮಗೆ ನನ್ನ ದನಿ ಗೊತ್ತಾಯಿತು. ಮೈಕ್ ಹಿಡಿದ ಕೈ ಕೆಳಗಿಳಿಯಿತು. “ಸತ್ತುಹೋಗುತ್ತೆ” ಎಂದಿರಿ.

“ಇಲ್ಲ ಸರ್. ಎರಡೂ ಬೇರೆ ಬೇರೆ ಬದುಕ್ತವೆ.”

ಅಷ್ಟೇ ಹೇಳಿ ಹೊರಗೆ ಬಂದೆ. ಇದು ಅವಮಾನವಾದರೆ ಆಗಲಿ.

ಎರಡನೆಯ ಮುದ್ರಣದಲ್ಲಿ ನನ್ನ ಹೆಸರು ಹಾಕಿಸುತ್ತೇನೆ, ಮನೆಗೆ ಬಂದುಬಿಡು ಎಂದಿದ್ದೀರಿ. ಹೆಸರು ನನಗೆ ಸಲ್ಲಬೇಕಾದದ್ದು, ಹಾಕಿಸಿ. ನಾನು ಬರುವುದಕ್ಕೂ ಅದಕ್ಕೂ ಗಂಟು ಹಾಕಬೇಡಿ. ಅರ್ಥವನ್ನೂ ತಿದ್ದಿ, ಮಕ್ಕಳು ಅದನ್ನೇ ಓದುತ್ತಾರೆ.

ಇಂತಿ,
ಗೌತಮಿ

ಬರೆಯಬಾರದೆಂದಿದ್ದೆ, ಬರೆಯುತ್ತಿದ್ದೇನೆ: ಆ ದಿನ ನಾನು ಸನ್ಮಾನ ನೋಡಲೆಂದಷ್ಟೇ ಬಂದಿರಲಿಲ್ಲ. ಮುಗಿದ ಮೇಲೆ ನಿಮ್ಮ ಜೊತೆ ಹಾಸನದ ಮನೆಗೆ ಹೊರಡುವುದೆಂದು ಬಟ್ಟೆಬರೆ ತುಂಬಿದ ಸೂಟ್‌ಕೇಸನ್ನು ಬಸ್ ಸ್ಟ್ಯಾಂಡಿನ ಹಣ್ಣಿನಂಗಡಿಯಲ್ಲಿ, ಯಜಮಾನರ ಜೊತೆ ಬಂದು ಒಯ್ಯುತ್ತೇನೆಂದು ಹೇಳಿ ಇಟ್ಟು ಬಂದಿದ್ದೆ. ವಾಪಸು ತೆಗೆದುಕೊಳ್ಳುವಾಗ ಅಂಗಡಿಯಾತ, “ಇದ್ಯಾಕಕ್ಕಾ, ಇಷ್ಟ್ ಬಿರ್ನೆ ಬಂದ್ಬುಟ್ರಿ? ಯಜಮಾನ್ರು ಬರ್ನಿಲ್ವಾ?” ಎಂದ. ಅವರದು ಬೇರೆ ಊರು ಎಂದೆ.