ಗೊರಕೆ ನಿಂತಾಗ ಎಣಿಸಿದ್ದು

ಜೂನ್ 11, ರಾತ್ರಿ 2.20

ಶಬ್ದ ನಿಂತದ್ದಕ್ಕೆ ಎಚ್ಚರವಾಯಿತು. ಇವರ ಗೊರಕೆ. ಅದು ಇದ್ದರೆ ಹೇಗೋ ಕಣ್ಣು ಮುಚ್ಚುತ್ತದೆ, ನಿಂತರೆ ತೆರೆಯುತ್ತದೆ. ವಿಚಿತ್ರ. ಒಂದು, ಎರಡು... ಇಪ್ಪತ್ತೆಂಟರವರೆಗೆ ಎಣಿಸಿದೆ. ಆಮೇಲೆ ಹೊಳೆಯಲ್ಲಿ ಮುಳುಗಿ ಎದ್ದವರ ಹಾಗೆ ಒಂದು ದೊಡ್ಡ ಉಸಿರು. ಮತ್ತೆ ಗೊರಕೆ. ಇವರಿಗೆ ಏನೂ ಗೊತ್ತಿಲ್ಲ.

ಅಷ್ಟರಲ್ಲಿ ತೃಷಾ ಹಾಲಿಗೆ ಎದ್ದಳು. ದಿನಾ ಇದೇ ಹೊತ್ತಿಗೆ. ಹತ್ತು ತಿಂಗಳ ಮಗಳ ಎದೆಯ ಮೇಲೂ ಕೈಯಿಟ್ಟು ನೋಡುವುದು, ನೂರ ಹದಿನಾರು ಕಿಲೋ ತೂಗುವ ಅಪ್ಪನ ಎದೆಯ ಮೇಲೂ ಕೈಯಿಟ್ಟು ನೋಡುವುದು. ನನ್ನ ನೈಟ್ ಡ್ಯೂಟಿ.

ಜೂನ್ 19

ಮೊನ್ನೆ ಮಧ್ಯಾಹ್ನ ಪುಂಜಾಲಕಟ್ಟೆ ದಾಟಿದ ಮೇಲೆ ಇವರ ಬಸ್ಸಿನ ಎಡಗಡೆಯ ಚಕ್ರಗಳು ಡಾಂಬರು ಬಿಟ್ಟು ಇಳಿದವಂತೆ. ಕಂಡಕ್ಟರ್ ನಿತೇಶ ಸೀಟಿ ಊದಿದ್ದರಿಂದ ಉಳಿದದ್ದು. ಯಾರಿಗೂ ಏನೂ ಆಗಲಿಲ್ಲ. ಬಸ್ಸಿನ ಧನಿಗಳಿಗೆ ನಿತೇಶ ಹೇಳಿದ್ದು — ನಾಯಿ ಅಡ್ಡ ಬಂತು.

ನನಗೆ ಇವರು ಇವತ್ತು ಹೇಳಿದರು. "ನಾಯಿ ಇರಲಿಲ್ಲ ವಿಸ್ಮಿತಾ. ಕಣ್ಣು ಮುಚ್ಚಿದ್ದೇ ಗೊತ್ತಾಗಲಿಲ್ಲ."

ನಾನು ಇಪ್ಪತ್ತೆಂಟರ ಲೆಕ್ಕ ಹೇಳಿದೆ. ಮಂಗಳೂರಿಗೆ ಹೋಗಿ ತೋರಿಸುವುದೆಂದು ಇಬ್ಬರೂ ಒಪ್ಪಿದೆವು.

ಜುಲೈ 2

ಮಂಗಳೂರಿನಲ್ಲಿ ತಲೆಗೆ, ಎದೆಗೆ ವಯರು ಅಂಟಿಸಿ ಒಂದು ರಾತ್ರಿ ಮಲಗಿಸಿದ್ದರು. ರಿಪೋರ್ಟ್ ಬಂತು. ಗಂಟೆಗೆ ನಲವತ್ತೆರಡು ಸಲ ಉಸಿರು ನಿಲ್ಲುತ್ತದೆ. ರಾತ್ರಿ ನಿದ್ದೆಯೇ ಆಗದ ದೇಹ ಹಗಲಲ್ಲಿ, ಸ್ಟೇರಿಂಗಿನ ಮುಂದೆ, ಅದನ್ನು ವಸೂಲಿ ಮಾಡಿಕೊಳ್ಳುತ್ತದೆ. ಡಾಕ್ಟರಮ್ಮ ಮೂಗಿಗೆ ಹಾಕುವ ಮೆಷಿನ್ ತೋರಿಸಿದರು.

"ಆನೆ ಸೊಂಡಿಲು ಹಾಕಿಕೊಂಡು ಮಲಗಬೇಕಾ? ಮಗು ಹೆದರ್ತದೆ. ಬೇಡ. ತೂಕ ಇಳಿಸ್ತೇನೆ."

"ಇಳಿಸಿ. ಮೂವತ್ತು ಕಿಲೋ. ಆಮೇಲೆ ಪುನಃ ಟೆಸ್ಟ್. ಅಲ್ಲಿವರೆಗೆ ರಾತ್ರಿ ಬಸ್ ಬಿಡುವ ಹಾಗಿಲ್ಲ" ಅಂದರು ಡಾಕ್ಟರಮ್ಮ.

ಬೆನ್ನುನೋವೆಂದು ಹೇಳಿ ತಿಂಗಳು ರಜೆ. ಆಮೇಲೆ ಬೆಳಗ್ಗಿನ ಟ್ರಿಪ್ ಮಾತ್ರ. ನನ್ನ ಕೆಲಸ: ಎರಡು ಗಂಟೆಗೆ ತೃಷಾ ಎದ್ದಾಗ ಹಾಲು ಕೊಟ್ಟು, ಗೋಡೆಗೆ ಒರಗಿ ಒಂದು ಗಂಟೆ ಕೂತು ಎಣಿಸುವುದು. ಎಷ್ಟು ಸಲ ನಿಂತಿತು, ಎಷ್ಟು ಸೆಕೆಂಡು. ಬೆಳಿಗ್ಗೆ ಇವರಿಗೆ "ಮಾರ್ಕು" ಹೇಳುವುದು. ಡಿಗ್ರಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿದ್ದು ಇದಕ್ಕೇ ಇರಬೇಕು. ಇವತ್ತಿನ ಮಾರ್ಕು 38.

ಆಗಸ್ಟ್ 24

ಡ್ಯೂಟಿಗೆ ಹೋಗಲು ಶುರು ಮಾಡಿ ಮೂರು ವಾರ. ತೂಕ ಒಂದೇ ಕಿಲೋ ಇಳಿದಿದೆ. ಹೇಗೆ? ಮನೆಯಲ್ಲಿ ಕುಚ್ಚಲಕ್ಕಿ ಅನ್ನ ಒಂದು ಸೌಟು, ಉಳಿದದ್ದು ಬಸಳೆ, ಹುರುಳಿ, ಎಣ್ಣೆಯಿಲ್ಲದ ಮೀನು. ಎಲ್ಲಿಂದ ಬರುತ್ತದೆ ಈ ತೂಕ? ತಡೆಯಲಾಗದೆ ಮಗುವನ್ನು ಎತ್ತಿಕೊಂಡು ಇವರದ್ದೇ ಬಸ್ಸಿನಲ್ಲಿ ಬಂಟ್ವಾಳದಿಂದ ಮೂಡುಬಿದಿರೆ, ಅಲ್ಲಿಂದ ಬೆಳ್ತಂಗಡಿಯವರೆಗೆ ಹೋದೆ.

ಗೊತ್ತಾಯಿತು. ಬಸ್ಸು ನಿಂತಲ್ಲೆಲ್ಲ ಹೋಟೆಲು. ನಿಂತ ಕೂಡಲೇ ಡ್ರೈವರ್ ಸೀಟಿನ ಕಿಟಕಿಗೆ ಚಾ, ಗೋಳಿಬಜೆ, ಬನ್ಸ್. ದುಡ್ಡಿಲ್ಲ. ಇವರು ಬೇಡವೆಂದು ಕೈ ಅಲ್ಲಾಡಿಸಿದರೆ ಹೋಟೆಲಿನವರ ಮುಖ ಸಪ್ಪೆ.

"ತಿನ್ನಿ ಡ್ರೈವರ್ರೇ. ನೀವು ತಿನ್ನದಿದ್ರೆ ನಾಳೆ ಬಸ್ಸು ಆಚೆ ಹೋಟ್ಲಿನ ಎದುರು ನಿಲ್ತದೆ ಅಂತ ನನಗೆ ಹೆದರಿಕೆ!"

ಐದು ನಿಲ್ದಾಣ, ಹನ್ನೊಂದು ಗೋಳಿಬಜೆ. ಎಣಿಸಿದೆ. ಎಣಿಸುವುದು ಅಭ್ಯಾಸವಾಗಿಬಿಟ್ಟಿದೆ.

ತೀರ್ಮಾನ: ಬಸ್ಸು ಅಲ್ಲೇ ನಿಲ್ಲುತ್ತದೆ, ತಿನ್ನುವುದು ನಿತೇಶ.

ಸೆಪ್ಟೆಂಬರ್ 28

ಭಾನುವಾರ. ಪೇಟೆಯಲ್ಲಿ ಪದ್ಮಯ್ಯನವರ ಕಾಳುಮೆಣಸಿನ ಅಂಗಡಿ. ಮೂಟೆ ತೂಗುವ ದೊಡ್ಡ ತಕ್ಕಡಿಯ ಮೇಲೆ ಇವರು ನಿಲ್ಲುತ್ತಾರೆ. 107.

"ಗೋಣಿಯ ತೂಕ ಕಳೀಬೇಕಾ ಡ್ರೈವರ್ರೇ?" ಅಂತ ಪದ್ಮಯ್ಯನವರು ಪ್ರತಿ ವಾರ ಕೇಳುತ್ತಾರೆ. ಪ್ರತಿ ವಾರ ಇವರು ಅಂಗಿಯ ಕಿಸೆಯಿಂದ ಬಾಚಣಿಗೆ ತೆಗೆದು ಮೇಜಿನ ಮೇಲಿಡುತ್ತಾರೆ.

ಬೆಳ್ತಂಗಡಿಯಲ್ಲಿ ಬಸ್ಸು ಇಪ್ಪತ್ತೈದು ನಿಮಿಷ ನಿಲ್ಲುವಾಗ ಅದರ ಸುತ್ತಲೇ ಬೀಸುನಡಿಗೆ. ಹಿರಿಯ ಡ್ರೈವರ್ ರುಕ್ಮಯ್ಯಣ್ಣ ಹೇಳಿದರಂತೆ, "ಬಸ್ಸಿಗೆ ಪ್ರದಕ್ಷಿಣೆ ಹಾಕಿದ್ರೆ ಡೀಸೆಲ್ ಉಳೀತದಾ ಮಾರಾಯ?"

ಮಾರ್ಕು 24. ನಿತೇಶನಿಗೆ ಹೊಟ್ಟೆ ಬಂದಿದೆ.

ನವೆಂಬರ್ 9

97. ಇವರು ಗಡ್ಡ ಹೆರೆಯುವಾಗ ಗಂಟಲಮಣಿ ಮೇಲೆ ಕೆಳಗೆ ಹೋಯಿತು. ಮದುವೆಯಾಗಿ ಮೂರು ವರ್ಷ — ಇವರಿಗೂ ಅದು ಇದೆ ಎಂದು ಇವತ್ತು ಗೊತ್ತಾಯಿತು. ಮುಟ್ಟಿ ನೋಡಿದೆ. "ಎಂತ ಮಾರಾಯ್ತಿ, ಕತ್ತರಿಸ್ತದೆ ಬ್ಲೇಡು!" ನಾಚಿಕೆ ಇವರಿಗೆ.

ಅತ್ತೆಗೆ ಮಾತ್ರ ಚಿಂತೆ. "ದಯಾನಂದನಿಗೆ ಶುಗರಾ ಅಂತ ಊರಿಡೀ ಕೇಳ್ತದೆ. ಎಂತ ಹೇಳ್ಬೇಕು ನಾನು?"

ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆ? ಬೆವರಿನಲ್ಲಿ ಎಂದುಕೊಂಡಿದ್ದೆ. ಹುಡುಕಿ ಓದಿದೆ. ಹೆಚ್ಚಿನ ಪಾಲು ಉಸಿರಿನಲ್ಲಿಯೇ ಹೊರಗೆ ಹೋಗುತ್ತದಂತೆ. ಹಾಗಾದರೆ ದಿನಾ ರಾತ್ರಿ ನಾನು ಎಣಿಸುತ್ತಿರುವುದು...

ಮಾರ್ಕು 15.

ಡಿಸೆಂಬರ್ 22

ಸೊನ್ನೆ!

ತೃಷಾಳೂ ಎರಡು ಗಂಟೆಗೆ ಎಬ್ಬಿಸಲಿಲ್ಲ. ನನಗೆ ಎಚ್ಚರವಾದದ್ದು ನಾಲ್ಕೂವರೆಗೆ, ಇವರು ಏಳುವಾಗ. ಗೊರಕೆ ನಿಂತರೆ ನಾನು ಏಳಲೇಬೇಕು, ಎರಡು ವರ್ಷದಿಂದ ಹಾಗೇ. ಏಳಲಿಲ್ಲ. ಹಾಗಾದರೆ ಉಸಿರು ನಿಲ್ಲಲಿಲ್ಲ.

"ಎಷ್ಟು?"

"ಸೊನ್ನೆ."

ಇವರು ಮಗಳನ್ನೆತ್ತಿ ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದರು.

ಜನವರಿ 4

ಹದಿನಾಲ್ಕು ದಿನ, ಹದಿನಾಲ್ಕು ಸೊನ್ನೆ. ತೂಕ 89. ಈಗ ಇಡೀ ದಿನದ ಟ್ರಿಪ್ಪು. ಪ್ಯಾಂಟುಗಳ ಸೊಂಟವನ್ನೆಲ್ಲ ಹಿಡಿಸಿ ಹೊಲಿಸಿ ಆಯಿತು.

ಮೂಡುಬಿದಿರೆಯ ಒಂದು ಶಾಲೆಯ ಮಕ್ಕಳು ಹಂಪಿಗೆ ಹೋಗುತ್ತಾರಂತೆ, ಒಂಬತ್ತನೇ ತಾರೀಕು ರಾತ್ರಿ. ಇವರು ಒಪ್ಪಿಕೊಂಡು ಬಂದಿದ್ದಾರೆ. ಎರಡು ಗಂಟೆಯವರೆಗೆ ಬಸ್ಸು ಬಿಡುವುದು ರುಕ್ಮಯ್ಯಣ್ಣ, ಅಲ್ಲಿಂದ ಬೆಳಗಿನವರೆಗೆ ಇವರು.

"ಪುನಃ ಟೆಸ್ಟ್ ಮಾಡಿಸ್ಬೇಕಲ್ಲ?"

"ಬಂದ ಮೇಲೆ ಮಾಡಿಸುವ. ನಿನ್ನ ಸೊನ್ನೆ ಉಂಟಲ್ಲ, ಅದಕ್ಕಿಂತ ದೊಡ್ಡ ಟೆಸ್ಟ್ ಎಂತದ್ದು?"

ಹೆಮ್ಮೆಯಾಯಿತು. ಬರೆದಿಡುತ್ತೇನೆ — ಹೆಮ್ಮೆಯಾಯಿತು.

ಜನವರಿ 8, ರಾತ್ರಿ 9.30

ಸಂಜೆ ಬಟ್ಟೆ ಮಡಚುವಾಗ ಅತ್ತೆ ನಗುತ್ತಾ ಹೇಳಿದರು.

"ನಿನಗೆ ಈಗ ನಿದ್ದೆ ಬರ್ತದಲ್ಲ, ಅದೇ ನನಗೆ ಸಮಾಧಾನ. ರಾತ್ರಿ ಮಗು ಎಷ್ಟು ಕೂಗಿದ್ರೂ ಏಳುದಿಲ್ಲ ನೀನು. ನಾನೇ ಬಂದು ಎತ್ತಿಕೊಂಡು ಹೋಗಿ ಹಾಲು ಕುಡಿಸಿ ತಂದು ಮಲಗಿಸ್ತೇನೆ."

"ಯಾವಾಗಿಂದ ಅತ್ತೆ?"

"ಹದಿನೈದು ದಿನ ಮೇಲಾಯ್ತು. ಪಾಪ, ಮಲಗಲಿ ಅಂತ ಎಬ್ಬಿಸ್ಲಿಲ್ಲ."

ಹದಿನೈದು ದಿನ ಮೇಲೆ. ಮಗು ಕೂಗಿದರೂ ಏಳದವಳು ಉಸಿರು ನಿಂತರೆ ಏಳುತ್ತೇನಾ?

ಇವರು ಬೇಗ ಬಂದು ಮಲಗಿಯಾಗಿದೆ, ನಾಳೆ ಉದ್ದ ದಿನವೆಂದು. ಎಬ್ಬಿಸಲೇ? ಸುಮ್ಮನೆ ಹೆದರಿಸುವುದು ಬೇಡ. ಮೊದಲು ಎಣಿಸಿ ನೋಡುವ. ನಿಜವಾಗಿಯೂ ಸೊನ್ನೆ ಇರಬಹುದು.

ಜನವರಿ 9, ರಾತ್ರಿ 3.05

ಒಂದು ಗಂಟೆ. ಹನ್ನೊಂದು ಸಲ. ಉದ್ದದ್ದು ಇಪ್ಪತ್ತನಾಲ್ಕು ಸೆಕೆಂಡು.

ಗೊರಕೆ ಇಲ್ಲ. ಅದೇ ಮೋಸ. ಸದ್ದಿಲ್ಲದೆ ನಿಲ್ಲುತ್ತದೆ, ಸದ್ದಿಲ್ಲದೆ ಶುರುವಾಗುತ್ತದೆ. ಕಿವಿ ಹತ್ತಿರ ಇಟ್ಟರೆ ಮಾತ್ರ ತಿಳಿಯುತ್ತದೆ. ನಾಲ್ಕೂವರೆಗೆ ಏಳುತ್ತಾರಲ್ಲ, ಆಗಲೇ ಹೇಳಿಬಿಡುತ್ತೇನೆ.

ಜನವರಿ 9, ಬೆಳಿಗ್ಗೆ 6.10

ನಿದ್ದೆ ಬಂದುಬಿಟ್ಟಿತು. ಗೋಡೆಗೆ ಒರಗಿದಲ್ಲೇ. ಇವರು ಹೋಗಿಯಾಗಿದೆ. ನನಗೆ ಹೊದಿಕೆ ಹೊದಿಸಿ ಹೋಗಿದ್ದಾರೆ. ಫೋನ್ ಆಫ್ — ಪುಂಜಾಲಕಟ್ಟೆಯಲ್ಲಿ ಹಾಗಾದ ನಂತರ ಸ್ಟೇರಿಂಗ್ ಹಿಡಿದರೆ ಆಫ್.

ಮಧ್ಯಾಹ್ನ 1.20

ಬೆಳ್ತಂಗಡಿಯಿಂದ ಇವರೇ ಫೋನ್ ಮಾಡಿದರು. ಹಿಂದೆ ನಿತೇಶನ ನಗು, ರುಕ್ಮಯ್ಯಣ್ಣನ ಸ್ವರ. ಇವರು ಕೇಳಿದರು, "ಇವತ್ತೂ ಸೊನ್ನೆಯಾ? ಎಲ್ಲರೂ ಕೇಳ್ತಿದ್ದಾರೆ, ಜೋರಾಗಿ ಹೇಳು!" ಎಲ್ಲರಿಗೂ ಕೇಳುವ ಹಾಗೆ ಇಟ್ಟಿದ್ದರು ಫೋನನ್ನು. ಸೊನ್ನೆಯೆಂದರೆ ಬರೀ ಗೊರಕೆಯ ಲೆಕ್ಕವೆಂದೇ ರುಕ್ಮಯ್ಯಣ್ಣನ ಎಣಿಕೆ. ಅವರೆದುರು ಹೇಳಿದರೆ ನಾಯಿಯ ಕತೆಯೂ ಹೊರಗೆ ಬರುತ್ತದೆ, ಕೆಲಸವೂ... "ಮತ್ತೆ ಹೇಳ್ತೇನೆ" ಅಂದೆ. ಹೇಡಿ. ಎರಡು ನಿಮಿಷ ಬಿಟ್ಟು ಮಾಡಿದೆ. ಆಫ್.

ಸಂಜೆ 7.15

ಇದು ನಿಮಗೆ. ಇಷ್ಟು ದಿನ ಯಾರೂ ಓದಲೆಂದು ಬರೆದದ್ದಲ್ಲ.

ಸಂಜೆಯೂ ನಿಮ್ಮ ಫೋನ್ ಸಿಗಲಿಲ್ಲ. ನೀವು ಟ್ರಿಪ್ ಮುಗಿಸಿ ಸೀದ ಶಾಲೆಗೆ ಹೋಗುತ್ತೀರಂತೆ, ಹೊರಟ ಮೇಲೆ ಊಟದ ಹೊತ್ತಿನವರೆಗೆ ಹಿಂದಿನ ಸೀಟಿನಲ್ಲಿ ಮಲಗುತ್ತೀರಂತೆ. ಬ್ಯಾಗಿಗೆ ನಿತೇಶ ಬಂದಿದ್ದಾನೆ, ಗೇಟಿನ ಹೊರಗೆ ಬೈಕಿನಲ್ಲಿ. ಅವನ ಬಾಯಲ್ಲಿ ಹೇಳಿ ಕಳಿಸುವ ಮಾತಲ್ಲ ಇದು. ಹುರುಳಿ ಪಲ್ಯದ ಡಬ್ಬಿಯ ಮೇಲೆ ಈ ಪುಸ್ತಕ ಇಡುತ್ತಿದ್ದೇನೆ. ನೀವು ಹೋಟೆಲಿನಲ್ಲಿ ತಿನ್ನುವುದಿಲ್ಲ. ಹನ್ನೊಂದೂವರೆಗೆ ಡಬ್ಬಿ ತೆರೆದೇ ತೆರೆಯುತ್ತೀರಿ — ಅಷ್ಟು ನಂಬಿಕೆ ನನಗೆ ಉಂಟು.

ಪುಟ ಮಡಚಿದಲ್ಲಿಂದ ಓದಿ. ಆ ಸೊನ್ನೆಗಳು ನಿಮ್ಮವಲ್ಲ, ನನ್ನ ನಿದ್ದೆಯವು. ನಿನ್ನೆಯ ಮಾರ್ಕು ಹನ್ನೊಂದು. ನೀವು ಸೋತಿರಿ ಅಂತ ಅಲ್ಲ. ನಲವತ್ತೆರಡಿದ್ದದ್ದು ಹನ್ನೊಂದು! ಇಪ್ಪತ್ತೇಳು ಕಿಲೋ ಸುಳ್ಳಲ್ಲ, ಪದ್ಮಯ್ಯನವರ ತಕ್ಕಡಿ ಸುಳ್ಳು ಹೇಳುವುದಿಲ್ಲ. ಸುಳ್ಳಾದದ್ದು ನಾನು ಮಾತ್ರ.

ಎರಡು ಗಂಟೆಗೆ ಸ್ಟೇರಿಂಗ್ ಮುಟ್ಟಬೇಡಿ. ಹಿಂದೆ ನಲವತ್ತು ಮಕ್ಕಳು. ಬಸ್ಸು ಬದಿಗೆ ನಿಲ್ಲಿಸಿ ರುಕ್ಮಯ್ಯಣ್ಣ ಮಲಗಿ ಎದ್ದು ಬಿಡಲಿ, ಹಂಪಿ ಅಲ್ಲೇ ಇರುತ್ತದೆ. ಬೆನ್ನುನೋವು ಅನ್ನಿ. ಏನಾದರೂ ಅನ್ನಿ. ಒಂದು ಗಂಟೆಯವರೆಗೆ ಕಾಯುತ್ತೇನೆ. ನಿಮ್ಮ ಫೋನ್ ಬರದಿದ್ದರೆ ನಾನೇ ರುಕ್ಮಯ್ಯಣ್ಣನಿಗೆ ಮಾಡುತ್ತೇನೆ, ನಾಯಿ ಇರಲಿಲ್ಲ ಎನ್ನುವುದನ್ನೂ ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ. ನನ್ನಿಂದ ಅದನ್ನು ಮಾಡಿಸಬೇಡಿ.

ನಿತೇಶ ಹಾರ್ನ್ ಹೊಡೆಯುತ್ತಿದ್ದಾನೆ.

ಫೋನ್ ಮಾಡಿ. ಬೆಳಗಾದ ಮೇಲೆ ಅಲ್ಲ, ಮೊದಲು. ಬೈಯುವುದಾದರೆ ಬೈಯಲಿಕ್ಕಾದರೂ ಮಾಡಿ. ನಾನು ಎಚ್ಚರ ಇರುತ್ತೇನೆ. ಈ ಸಲ ನಿಜವಾಗಿ. ಗೋಡೆಗೆ ಒರಗುವುದೂ ಇಲ್ಲ, ನಿಂತೇ...